ರೆಡಿಮೇಡ್ ಸರ್ವೋ ಕೊಡುವ ಮೊದಲು ಮಕ್ಕಳಿಂದಲೇ ಒಂದು ಮಾಡಿಸಿ

ಮಾನ್ಯ ಸಂಪಾದಕರೇ,

ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ 50,000 ಅಟಲ್ ಟಿಂಕರಿಂಗ್ ಲ್ಯಾಬ್ ಕೊಡುತ್ತೇವೆ ಎಂದು 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದರು. ಐಟಿಐನಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಟ್ರೇಡಿನ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಆಗಿದ್ದು ನಿವೃತ್ತನಾದ ನನಗೆ ಇದು ತುಂಬಾ ಖುಷಿ ಕೊಟ್ಟ ಸುದ್ದಿ. ಹಳ್ಳಿ ಶಾಲೆಯ ಮಕ್ಕಳ ಕೈಗೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಬರುತ್ತದೆ ಅಂದರೆ ಸಣ್ಣ ಮಾತಲ್ಲ. ಆ ಲ್ಯಾಬುಗಳ ಬಗ್ಗೆ ನನ್ನದೊಂದು ಕೋರಿಕೆ ಇದೆ. ಹೇಳಿದಷ್ಟೇ ತಿರುಗಿ ಅಲ್ಲೇ ನಿಲ್ಲುವ ಮೋಟರಿಗೆ ಸರ್ವೋ ಅನ್ನುತ್ತಾರೆ. ಅಂಗಡಿಯ ಸರ್ವೋ ಮೋಟರನ್ನು ಮಕ್ಕಳಿಗೆ ಕೊಡುವ ಮೊದಲು, ಮಾಮೂಲಿ ಡಿಸಿ ಮೋಟರಿನಿಂದ ಒಂದು ಸರ್ವೋವನ್ನು ಅವರ ಕೈಯಲ್ಲೇ ಮಾಡಿಸಿ.

ವಿಜ್ಞಾನ ವಸ್ತುಪ್ರದರ್ಶನಗಳಿಗೆ ನನ್ನನ್ನು ತೀರ್ಪುಗಾರನಾಗಿ ಕರೆಯುತ್ತಾರೆ. ಎಲ್ಲಿಗೆ ಹೋದರೂ ಕೈ ಹತ್ತಿರ ತಂದರೆ ಮುಚ್ಚಳ ತೆರೆಯುವ ಕಸದ ಡಬ್ಬಿ ಇರುತ್ತದೆ, ರೈಲು ಬಂದರೆ ತಾನೇ ಇಳಿಯುವ ಗೇಟು ಇರುತ್ತದೆ. ಎರಡರಲ್ಲೂ ಅದೇ ನೀಲಿ ಬಣ್ಣದ ಪುಟ್ಟ ಎಸ್‌ಜಿ90 ಸರ್ವೋ. ಈ ಸಲ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕೇಳಿದೆ: ‘ಮುಚ್ಚಳ ಇಷ್ಟೇ ತೆರೆದು ನಿಲ್ಲುತ್ತದಲ್ಲ, ಎಲ್ಲಿ ನಿಲ್ಲಬೇಕು ಅಂತ ಮೋಟರಿಗೆ ಹೇಗೆ ಗೊತ್ತಾಗುತ್ತಮ್ಮಾ?’ ‘ಕೋಡಲ್ಲಿ 90 ಅಂತ ಕೊಟ್ಟಿದ್ದೀವಿ ಸರ್’ ಅಂದಳು. ಅವಳು ಹೇಳಿದ್ದು ತಪ್ಪಲ್ಲ. ವೈರಿಂಗ್ ಕೂಡ ಅಚ್ಚುಕಟ್ಟಾಗಿತ್ತು. ಆದರೆ 90 ಅನ್ನುವ ಅಂಕಿಗೂ ಮುಚ್ಚಳ ನಿಲ್ಲುವುದಕ್ಕೂ ನಡುವೆ ಏನೋ ನಡೆಯುತ್ತದಲ್ಲ, ಕಲಿಯಬೇಕಾದ್ದು ಅದು. ಅದೇ 9 ಗ್ರಾಂ ತೂಕದ ಪ್ಲಾಸ್ಟಿಕ್ ಡಬ್ಬಿಯೊಳಗೆ ಉಳಿದುಬಿಟ್ಟಿದೆ. ಬಿಚ್ಚಿ ತೋರಿಸುವವರು ಅವಳಿಗೆ ಸಿಕ್ಕಿಲ್ಲ.

ಆ ಡಬ್ಬಿಯೊಳಗೆ ಇರುವುದು ಆಟಿಕೆ ಕಾರಿನಲ್ಲಿ ಇರುವಂಥದೇ ಡಿಸಿ ಮೋಟರ್. ವೇಗ ತಗ್ಗಿಸಿ ಬಲ ಹೆಚ್ಚಿಸಲು ಕೆಲವು ಗಿಯರ್. ಕೊನೆಯ ಗಿಯರಿನ ಜೊತೆಗೇ ತಿರುಗುವ ಒಂದು ಪೊಟೆನ್ಷಿಯೋಮೀಟರ್. ರೇಡಿಯೋ ರಿಪೇರಿಯವರು ವಾಲ್ಯೂಮ್ ಕಂಟ್ರೋಲ್ ಅನ್ನುತ್ತಾರಲ್ಲ, ಅದೇ. ಜೊತೆಗೊಂದು ಚಿಕ್ಕ ಸರ್ಕ್ಯೂಟ್. ಸಿಗ್ನಲ್ ವೈರಿನಲ್ಲಿ ಸೆಕೆಂಡಿಗೆ 50 ಸಲ ಪಲ್ಸ್, ಅಂದರೆ ವೋಲ್ಟೇಜಿನ ಒಂದು ಚಿಕ್ಕ ಮಿಡಿತ, ಬರುತ್ತದೆ. ಪಲ್ಸ್ 1.5 ಮಿಲಿಸೆಕೆಂಡ್ ಇದ್ದರೆ ತೋಳು ನಡುವೆ ನಿಲ್ಲಬೇಕು. 1ಕ್ಕೆ ಇಳಿದರೆ ಒಂದು ಕಡೆಗೆ, 2ಕ್ಕೆ ಏರಿದರೆ ಇನ್ನೊಂದು ಕಡೆಗೆ ಹೋಗಬೇಕು. ಎಲ್ಲಿರಬೇಕು ಅನ್ನುವುದು ಪಲ್ಸಿನಿಂದ ತಿಳಿಯುತ್ತದೆ, ಈಗ ಎಲ್ಲಿದೆ ಅನ್ನುವುದು ತಿರುಗಿದಂತೆ ಬದಲಾಗುವ ಪೊಟೆನ್ಷಿಯೋಮೀಟರಿನ ವೋಲ್ಟೇಜಿನಿಂದ. ಎರಡಕ್ಕೂ ಇರುವ ವ್ಯತ್ಯಾಸ ಹೋಗುವ ತನಕ ಸರ್ಕ್ಯೂಟ್ ಮೋಟರನ್ನು ತಿರುಗಿಸುತ್ತದೆ. ಕೊಡದಲ್ಲಿ ನೀರು ಎಲ್ಲಿಗೆ ಬಂತು ಅಂತ ನೋಡುತ್ತಾ ನಲ್ಲಿ ತಿರುಗಿಸುವುದೂ ಇದೇ ಕೆಲಸ ಅಲ್ವಾ?

ಇದನ್ನು ದೊಡ್ಡದಾಗಿ, ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಕಟ್ಟಬಹುದು. 12 ವೋಲ್ಟಿನ, ನಿಮಿಷಕ್ಕೆ 30 ಸುತ್ತು ತಿರುಗುವ ಒಂದು ಗಿಯರ್ ಮೋಟರ್ ಬೇಕು. 10ಕೆ ಪೊಟೆನ್ಷಿಯೋಮೀಟರ್ ಎರಡು. ಮೇಲೆ ‘ಬಿ’ ಅಂತ ಇರುವುದನ್ನೇ ತನ್ನಿ. ‘ಎ’ ಇರುವುದು ಸೌಂಡಿಗೆ ಮಾಡಿದ್ದು, ತಿರುಗಿಸಿದಷ್ಟೇ ಅಳತೆಯಲ್ಲಿ ಬದಲಾಗುವುದಿಲ್ಲ. ಪ್ರೋಗ್ರಾಂ ನಡೆಸುವ ಪುಟ್ಟ ಬೋರ್ಡ್ ಆರ್ಡುಯಿನೋ ಒಂದು, ಅದು ಹೇಳಿದಂತೆ ಮೋಟರಿಗೆ ಕರೆಂಟ್ ಕೊಡುವ ಎಲ್298 ಡ್ರೈವರ್ ಬೋರ್ಡ್ ಒಂದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವೆಲ್ಲ ಸುಲಭವಾಗಿ ಸಿಗುತ್ತವೆ. ಇಂಥ ಮೋಟರುಗಳ ಶಾಫ್ಟು, ಪೊಟೆನ್ಷಿಯೋಮೀಟರಿನ ಶಾಫ್ಟು ಎರಡೂ ಸಾಮಾನ್ಯವಾಗಿ 6 ಮಿ.ಮೀ. ದಪ್ಪ ಇರುತ್ತವೆ. ಹಾಗಾಗಿ ಬೈಕಿನ ಪೆಟ್ರೋಲ್ ಪೈಪಿನ ತುಂಡನ್ನು ಬಿಗಿಯಾಗಿ ತೂರಿಸಿ, ಕ್ಲಿಪ್ ಹಾಕಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಲೇತಿನ ಕೆಲಸ ಬೇಕಿಲ್ಲ. ಇನ್ನೊಂದು ಪೊಟೆನ್ಷಿಯೋಮೀಟರ್ ಮಗುವಿನ ಕೈಯಲ್ಲಿರಲಿ. ಮಗು ಗುಬುಟು ತಿರುಗಿಸಿದಷ್ಟೂ ಮೋಟರಿನ ತೋಳು ಹಿಂದೆಯೇ ಬರಬೇಕು.

ಮೊದಲ ಸಲ ಕರೆಂಟ್ ಕೊಡುವಾಗ ಪೈಪ್ ಜೋಡಿಸಿರಬಾರದು. ಇದನ್ನು ಮೇಷ್ಟ್ರುಗಳು ದಯವಿಟ್ಟು ನೆನಪಿಡಬೇಕು. ಮೋಟರಿನ ಎರಡು ವೈರ್ ಅದಲುಬದಲಾಗಿದ್ದರೆ ಅದು ಗುರಿಯ ಕಡೆಗೆ ಬರುವ ಬದಲು ಗುರಿಯಿಂದ ದೂರ ಓಡುತ್ತದೆ, ಕೊನೆಗೆ ಪೊಟೆನ್ಷಿಯೋಮೀಟರ್ ಮುಂದೆ ತಿರುಗದಂತೆ ಇರುವ ತಡೆಯನ್ನೇ ಮುರಿಯುತ್ತದೆ. ಜೋಡಿಸದೆ ಇಟ್ಟು, ಮೋಟರಿನ ಕಡೆಯ ಪೊಟೆನ್ಷಿಯೋಮೀಟರನ್ನು ಕೈಯಿಂದ ಆ ಕಡೆ ಈ ಕಡೆ ತಿರುಗಿಸಿ ನೋಡಬೇಕು. ಮೋಟರ್ ಅದನ್ನು ಗುರಿಯ ಕಡೆಗೆ ವಾಪಸ್ ತರುವ ದಿಕ್ಕಿಗೆ ತಿರುಗಿದರೆ ಜೋಡಿಸಿ. ಇಲ್ಲದಿದ್ದರೆ ವೈರ್ ಬದಲಿಸಿ, ಮತ್ತೆ ನೋಡಿ.

ನಿಜವಾದ ಪಾಠ ಶುರುವಾಗುವುದು ಇಲ್ಲಿಂದ. ಆರ್ಡುಯಿನೋ 5 ವೋಲ್ಟನ್ನು 0ಯಿಂದ 1023ರ ತನಕ ಓದುತ್ತದೆ. ಪೊಟೆನ್ಷಿಯೋಮೀಟರ್ 270 ಡಿಗ್ರಿ ತಿರುಗುತ್ತದೆ ಅಂದುಕೊಂಡರೆ ಒಂದೊಂದು ಅಂಕಿ ಡಿಗ್ರಿಯ ಕಾಲು ಭಾಗಕ್ಕೆ ಸಮ. ಎರಡು ಪೊಟೆನ್ಷಿಯೋಮೀಟರಿನ ಅಂಕಿಗಳೂ ಸಮ ಆದಾಗ ಮಾತ್ರ ನಿಲ್ಲು ಅಂತ ಬರೆದರೆ ಮೋಟರ್ ನಿಲ್ಲುವುದೇ ಇಲ್ಲ. ವೇಗದಲ್ಲಿ ಗುರಿ ದಾಟುತ್ತದೆ, ವಾಪಸ್ ಬರುತ್ತದೆ, ಮತ್ತೆ ದಾಟುತ್ತದೆ. ತೋಳು ಗಡಗಡ ಅಲುಗುತ್ತಲೇ ಇರುತ್ತದೆ. ಮಕ್ಕಳು ಗಾಬರಿಯಾಗಿ ಮೇಷ್ಟ್ರ ಮುಖ ನೋಡುತ್ತಾರೆ. ಆಗ ಉತ್ತರ ಹೇಳಿಬಿಡಬಾರದು. ಯಾಕೆ ಹೀಗಾಗುತ್ತದೆ ಅಂತ ಅವರೇ ಯೋಚಿಸಲಿ. ಏಳೆಂಟು ಅಂಕಿ ಆಚೀಚೆ ಇದ್ದರೂ ಸಾಕು ಅಂತ ಒಬ್ಬ ಹೇಳುತ್ತಾನೆ. ಹತ್ತಿರ ಬಂದಂತೆ ನಿಧಾನ ಮಾಡೋಣ ಅಂತ ಇನ್ನೊಬ್ಬಳು. ತೀರಾ ನಿಧಾನ ಮಾಡಿದರೆ ಗಿಯರಿನ ಘರ್ಷಣೆ ಮೀರಲಾರದೆ ಮೋಟರ್ ಗುಂಯ್ ಅನ್ನುತ್ತಾ ಅಲ್ಲೇ ನಿಲ್ಲುತ್ತದೆ. ಅದಕ್ಕೂ ದಾರಿ ಹುಡುಕಬೇಕು. ಅಂಕಿಗಳು ಸುಮ್ನೆ ಕುಣಿಯುತ್ತಿದ್ದರೆ ಮೋಟರಿನ ಬ್ರಷ್ ಕಿಡಿಯ ಗಲಾಟೆ ಅದು. ಟರ್ಮಿನಲ್‌ಗಳ ನಡುವೆ 104 ಅಂತ ಬರೆದ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿದರೆ ಜಾಸ್ತಿ ಪಾಲು ಹೋಗುತ್ತದೆ.

ಈ ಅಲುಗಾಟದ ಜೊತೆ ದೊಡ್ಡ ದೊಡ್ಡವರೂ ಗುದ್ದಾಡಿದ್ದಾರೆ ಅಂತ ಮಕ್ಕಳಿಗೆ ಹೇಳಬೇಕು. ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನಿಕೊಲಸ್ ಮಿನೋರ್ಸ್ಕಿ ಹಡಗಿನ ಚುಕ್ಕಾಣಿ ತಾನಾಗಿಯೇ ನಡೆಯುವಂತೆ ಮಾಡಲು ಕೆಲಸ ಮಾಡಿದವರು. ಅನುಭವಿ ಚುಕ್ಕಾಣಿಗಾರ ಹಡಗು ದಾರಿಯಿಂದ ಎಷ್ಟು ಸರಿದಿದೆ ಅನ್ನುವುದನ್ನಷ್ಟೇ ನೋಡುವುದಿಲ್ಲ. ಎಷ್ಟು ಬೇಗ ಸರಿಯುತ್ತಿದೆ, ಎಷ್ಟು ಹೊತ್ತಿನಿಂದ ಸರಿದಿದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. 1922ರಲ್ಲಿ ಅವರು ಇದನ್ನೇ ಗಣಿತವಾಗಿ ಬರೆದರು. ಇವತ್ತಿನ ಕಾರ್ಖಾನೆಗಳಲ್ಲಿ ಪಿಐಡಿ ಅನ್ನುವುದು ಅದನ್ನೇ.

ಇದೆಲ್ಲ ಹೊಟ್ಟೆಪಾಡಿಗೂ ಬೇಕಾದ ವಿದ್ಯೆ. ಆಯಿಲ್ ಮಿಲ್ಲು, ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಸರ್ವೋ ಸ್ಟೆಬಿಲೈಸರ್ ಇಡುತ್ತಾರೆ. ವೋಲ್ಟೇಜ್ ಇಳಿದ ಕೂಡಲೇ ಅದರ ಪುಟ್ಟ ಮೋಟರು ಸುರುಳಿಯ ಮೇಲೆ ಕಾರ್ಬನ್ ಬ್ರಷ್ ಸರಿಸಿ ಸರಿಮಾಡುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಸಿಎನ್‌ಸಿ ಮೆಷಿನ್‌ಗಳನ್ನು ನಡೆಸುವುದೂ ಸರ್ವೋಗಳೇ. ಅಲ್ಲಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರು ಫಾಲೋಯಿಂಗ್ ಎರರ್ ಅನ್ನುವ ಅಲಾರಂ ನೋಡುತ್ತಾರೆ. ಟೇಬಲ್ ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ವ್ಯತ್ಯಾಸ ಮಿತಿ ಮೀರಿದೆ ಅಂತ ಅದರರ್ಥ. ಶಾಲೆಯಲ್ಲಿ ಪೆಟ್ರೋಲ್ ಪೈಪ್ ಜೋಡಿಸಿ ಸರ್ವೋ ಮಾಡಿದ ಹುಡುಗ ಆ ಅಲಾರಂ ಕಂಡರೆ ರೀಸೆಟ್ ಒತ್ತಿ ಸುಮ್ಮನಾಗುವುದಿಲ್ಲ. ಏನೋ ಹಿಡಿದುಕೊಂಡಿದೆ, ಇಲ್ಲವೇ ಅಳೆಯುವ ಎನ್‌ಕೋಡರಿನಲ್ಲಿ ತೊಂದರೆ ಇದೆ ಅಂತ ಹುಡುಕಲು ಹೋಗುತ್ತಾನೆ. ನಾನು ಐಟಿಐನಲ್ಲಿ ಕಲಿಸುವಾಗ ಆಸೆಪಟ್ಟಿದ್ದು ಈ ಬುದ್ಧಿ ಬರಲಿ ಅಂತಲೇ.

ಶಾಲಾ ಶಿಕ್ಷಣ ಇಲಾಖೆಯವರಲ್ಲಿ, ಲ್ಯಾಬ್ ನೋಡಿಕೊಳ್ಳುವ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟು. ಕಿಟ್ ಕೊಳ್ಳುವಾಗ ಸಿದ್ಧ ಸರ್ವೋಗಳ ಜೊತೆ ಕೆಲವು ಗಿಯರ್ ಮೋಟರ್, ಪೊಟೆನ್ಷಿಯೋಮೀಟರ್, ಡ್ರೈವರ್ ಬೋರ್ಡುಗಳನ್ನೂ ಪಟ್ಟಿಗೆ ಸೇರಿಸಿ. ಹಲ್ಲು ಸವೆದು ಕೆಟ್ಟ ಸರ್ವೋಗಳನ್ನು ಎಸೆಯಬೇಡಿ, ಸ್ಕ್ರೂ ಬಿಚ್ಚಿ ಮಕ್ಕಳಿಗೆ ಒಳಗೆ ತೋರಿಸಿ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಮಾದರಿ ಮಾಡಲು 10,000 ರೂಪಾಯಿ ಸಿಗುತ್ತದೆ. ಅಷ್ಟರಲ್ಲಿ ಇಂಥ ಸರ್ವೋ ಇರುವ ಮಾದರಿಯನ್ನು ಆರಾಮಾಗಿ ಮಾಡಬಹುದು. ತಾಲ್ಲೂಕಿನ ಐಟಿಐ ವರ್ಕ್‌ಶಾಪಿಗೆ ಶನಿವಾರ ಮಧ್ಯಾಹ್ನ ಶಾಲೆಯ ಮಕ್ಕಳನ್ನು ಬಿಟ್ಟುಕೊಂಡರೆ ಡ್ರಿಲ್ಲು, ವೈಸು ಎಲ್ಲ ಅಲ್ಲೇ ಇದೆ, ಕಲಿಸುವವರೂ ಇದ್ದಾರೆ. ವಸ್ತುಪ್ರದರ್ಶನದ ತೀರ್ಪುಗಾರರ ಅಂಕಪಟ್ಟಿಯಲ್ಲಿ ‘ಮಗು ತಾನೇ ಕಟ್ಟಿದ ಭಾಗ ಯಾವುದು’ ಅಂತ ಒಂದು ಕಾಲಂ ಇರಲಿ. ಅದಕ್ಕೆ, ಮಾದರಿ ನೋಡಲು ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಜಾಸ್ತಿ ಅಂಕ ಇಡಿ.

– ನಿವೃತ್ತ ಐಟಿಐ ಬೋಧಕ, ತಿಪಟೂರು