ಹಲ್ಲು ಕೀಳುವ ದಿನವೇ ದವಡೆ ಮೂಳೆಯ ವಿಷಯವನ್ನೂ ತಿಳಿಸಲಿ

ಮಾನ್ಯ ಸಂಪಾದಕರಿಗೆ,

ಜಯನಗರದಿಂದ ಯಲಹಂಕದವರೆಗೆ ಬೆಂಗಳೂರಿನ ಯಾವ ಮುಖ್ಯರಸ್ತೆಯಲ್ಲಿ ಹೋದರೂ ಇಂಪ್ಲಾಂಟ್ ಹಲ್ಲಿನ, ಅಂದರೆ ದವಡೆ ಮೂಳೆಯೊಳಗೆ ತಿರುಪಿನಂತಹ ಬೇರನ್ನು ಕೂರಿಸಿ ಅದರ ಮೇಲೆ ನಿಲ್ಲಿಸುವ ಕೃತಕ ಹಲ್ಲಿನ ಜಾಹೀರಾತು ಫಲಕಗಳು ಕಣ್ಣಿಗೆ ಬೀಳುತ್ತವೆ. ಆದರೆ ಆ ಹಲ್ಲನ್ನು ಹಿಡಿದು ನಿಲ್ಲಿಸಬೇಕಾದ ದವಡೆ ಮೂಳೆ ಸಾಕಷ್ಟು ಉಳಿದಿದೆಯೇ, ಉಳಿದಿಲ್ಲವಾದರೆ ಏನು ಮಾಡುತ್ತಾರೆ, ಅದಕ್ಕೆ ಬಳಸುವ ವಸ್ತು ಎಲ್ಲಿಂದ ಬಂದದ್ದು ಎಂಬ ಮಾತುಗಳು ರೋಗಿಯ ಕಿವಿಗೆ ಬೀಳುವುದು ತೀರ ತಡವಾಗಿ, ಮುಂಗಡ ಹಣ ಕಟ್ಟಿದ ನಂತರವೇ ಎಂಬುದು ಹಲವರ ಅನುಭವ. ಹಲ್ಲು ಕೀಳುವ ದಿನವೇ ಈ ಮಾಹಿತಿಯನ್ನು ಕನ್ನಡದಲ್ಲಿ, ಬರವಣಿಗೆಯಲ್ಲಿ ಕೊಡುವುದು ಕಡ್ಡಾಯವಾಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಹಲ್ಲಿನ ಬೇರನ್ನು ಸುತ್ತುವರಿದ ಮೂಳೆ ಇರುವುದು ಹಲ್ಲಿನ ಆಸರೆಗಾಗಿ. ಹಲ್ಲು ಹೋಯಿತೆಂದರೆ ದೇಹವು ಆ ಮೂಳೆಯನ್ನು ಕ್ರಮೇಣ ಕರಗಿಸತೊಡಗುತ್ತದೆ. ಬಾಯಿಯ ಹಿಂಬದಿಯ ಹಲ್ಲುಗಳನ್ನು ಕಿತ್ತ ಜಾಗದಲ್ಲಿ ದವಡೆ ಏಣಿನ, ಅಂದರೆ ಹಲ್ಲುಗಳು ನಿಲ್ಲುವ ಮೂಳೆ ದಿಣ್ಣೆಯ ಅಗಲವು ಒಂದು ವರ್ಷದೊಳಗೆ ಸುಮಾರು ಅರ್ಧದಷ್ಟು ಕುಗ್ಗಬಹುದು. ಆ ನಷ್ಟದ ಮೂರನೇ ಎರಡು ಭಾಗ ಮೊದಲ ಮೂರು ತಿಂಗಳಲ್ಲೇ ಆಗಿಹೋಗಿರುತ್ತದೆ. ಕೆನ್ನೆಯ ಕಡೆಯ ಗೋಡೆ ತೆಳುವಾದದ್ದರಿಂದ ಅದು ಮೊದಲು ಸವೆಯುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಾದರೆ ಇನ್ನೊಂದು ತೊಡಕುಂಟು. ಅಲ್ಲಿ ಮೂಳೆಯ ಮೇಲೆಯೇ ಸೈನಸ್ ಎಂಬ ಗಾಳಿಯ ಪೊಳ್ಳು ಇದೆ. ಹಲ್ಲು ಹೋದ ನಂತರ ಅದು ಕೆಳಕ್ಕೆ ಹಿಗ್ಗುವುದರಿಂದ ಮೂಳೆಯ ಎತ್ತರ ಎರಡೂ ಕಡೆಯಿಂದ ಕಡಿಮೆಯಾಗುತ್ತದೆ. ಸಾಮಾನ್ಯ ಇಂಪ್ಲಾಂಟ್ ಒಂದರ ದಪ್ಪ ಸುಮಾರು 4 ಮಿಲಿಮೀಟರ್. ಅದರ ಸುತ್ತಲೂ ಕನಿಷ್ಠ ಒಂದರಿಂದ ಒಂದೂವರೆ ಮಿಲಿಮೀಟರ್ ಜೀವಂತ ಮೂಳೆ ಬೇಕು. ಏಣು 6 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಮೂಳೆ ಕಸಿಯ, ಅಂದರೆ ಎಲ್ಲರೂ ಬೋನ್ ಗ್ರಾಫ್ಟ್ ಎನ್ನುವ ಚಿಕಿತ್ಸೆಯ ಪ್ರಶ್ನೆ ಏಳುವುದು ಇದರಿಂದಲೇ.

ಹಲ್ಲು ಕಿತ್ತ ಗುಳಿಯಲ್ಲಿ ಆ ದಿನವೇ ಮೂಳೆ ಪುಡಿ ತುಂಬಿ ಪೊರೆ ಮುಚ್ಚಿದರೆ ಈ ಕುಗ್ಗುವಿಕೆ ಪೂರ್ತಿ ನಿಲ್ಲದಿದ್ದರೂ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಎಲ್ಲರಿಗೂ ಇದು ಬೇಕಿಲ್ಲ. ಮೂಳೆ ಚೆನ್ನಾಗಿದ್ದವರಿಗೆ ಕಸಿಯಿಲ್ಲದೆಯೇ ಇಂಪ್ಲಾಂಟ್ ಕೂರಿಸಬಹುದು; ಇಂಪ್ಲಾಂಟ್ ಬೇಡವೆನ್ನುವವರಿಗೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಬ್ರಿಡ್ಜ್ ಇದೆ, ತೆಗೆದು ಹಾಕುವ ಹಲ್ಲಿನ ಸೆಟ್ಟೂ ಇದೆ. ಆದರೆ ಯಾವುದು ಬೇಕು, ಯಾವುದು ಬೇಡ ಎಂದು ಯೋಚಿಸಲು ಅವಕಾಶವಿರುವುದು ಹಲ್ಲು ಕೀಳುವುದಕ್ಕೆ ಮುಂಚೆ. ಆ ಹೊತ್ತಿನಲ್ಲಿ ಯಾರೂ ಬಾಯಿ ಬಿಡದಿದ್ದರೆ ರೋಗಿಗೆ ತಿಳಿಯದಂತೆಯೇ ಒಂದು ದಾರಿ ಮುಚ್ಚಿಹೋಗುತ್ತದೆ.

ನನ್ನ ಅಕ್ಕನಿಗೆ ಹಾಗೆಯೇ ಆಯಿತು. ಕೆಳದವಡೆಯ ಹಲ್ಲೊಂದನ್ನು ಕೀಳಿಸಿದಾಗ ‘ಗಾಯ ಮಾಗಲಿ, ಮುಂದಿನದು ಆಮೇಲೆ ನೋಡೋಣ’ ಎಂದಷ್ಟೇ ಹೇಳಿ ಕಳಿಸಿದ್ದರು. ಕೆಲವು ವರ್ಷಗಳ ನಂತರ ಇಂಪ್ಲಾಂಟ್‌ಗೆಂದು ನಗರದ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಹೋದಾಗ ಮೂಳೆ ಸಾಲದು, ಕಸಿ ಮಾಡಬೇಕು ಎಂದರು. ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರಕ್ಕೆ ಆಕೆ ಸಹಿ ಹಾಕಿದಳು. ತುಂಬಿದ ಪುಡಿ ಹಸುವಿನ ಮೂಳೆಯಿಂದ ತಯಾರಾದದ್ದೆಂದು ತಿಳಿದದ್ದು ಹೊಲಿಗೆ ಬಿಚ್ಚಿಸಲು ಹೋದ ದಿನ, ಅದೂ ನಾವಾಗಿಯೇ ಕೇಳಿದ್ದರಿಂದ. ಜೀವನಪರ್ಯಂತ ಸಸ್ಯಾಹಾರವನ್ನು ವ್ರತದಂತೆ ನಡೆಸಿಕೊಂಡು ಬಂದ ಆಕೆ ಅನುಭವಿಸಿದ ಸಂಕಟವನ್ನು ಹತ್ತಿರದಿಂದ ಕಂಡವಳು ನಾನು. ವೈದ್ಯರ ಕೈಗುಣದ ಬಗ್ಗೆ ನಮಗೆ ದೂರಿಲ್ಲ; ಗಾಯ ಚೆನ್ನಾಗಿಯೇ ಮಾಗಿತು. ಕೇಳದೆ ಹಾಕಿದರೆಂಬುದೇ ನೋವು.

ಕೇಳಿದ್ದರೆ ಆಯ್ಕೆಗಳಿದ್ದವು. ರೋಗಿಯದೇ ಗದ್ದದಿಂದ ಅಥವಾ ಕೆಳದವಡೆಯ ಹಿಂಬದಿಯಿಂದ ಮೂಳೆ ತೆಗೆದು ಹಾಕಬಹುದು. ಇದರಲ್ಲಿ ಜೀವಕೋಶಗಳೂ ಇರುವುದರಿಂದ ಬಹುಕಾಲದಿಂದ ಇದನ್ನೇ ಶ್ರೇಷ್ಠವೆಂದು ಎಣಿಸಿದ್ದಾರೆ, ಆದರೆ ಇನ್ನೊಂದು ಕಡೆ ಗಾಯ ಮಾಡಬೇಕಾಗುತ್ತದೆ. ದಾನಿಗಳಿಂದ ಪಡೆದು ಸಂಸ್ಕರಿಸಿದ ಮನುಷ್ಯರ ಮೂಳೆ ಇದೆ. ಸಾವಯವ ಅಂಶವನ್ನೆಲ್ಲ ತೆಗೆದು ಖನಿಜವನ್ನಷ್ಟೇ ಉಳಿಸಿಕೊಂಡ ಹಸುವಿನ ಮೂಳೆ ಇದೆ. ಇದು ಬಹಳ ನಿಧಾನವಾಗಿ ಕರಗುವುದರಿಂದ ಏಣಿನ ಆಕಾರ ಉಳಿಯುತ್ತದೆಂಬ ಕಾರಣಕ್ಕೆ ಹೆಚ್ಚು ಬಳಕೆಯಲ್ಲಿದೆ. ಕ್ಯಾಲ್ಸಿಯಂ ಫಾಸ್ಫೇಟ್, ಬಯೋಆಕ್ಟಿವ್ ಗ್ಲಾಸ್‌ನಂತಹ ಪೂರ್ತಿ ಕೃತಕ ವಸ್ತುಗಳೂ ಇವೆ. ಇವುಗಳಲ್ಲಿ ಕೆಲವು ಬೇಗ ಕರಗುತ್ತವೆ. ಮೇಲೆ ಮುಚ್ಚುವ, ಕೊಲಾಜನ್ ಎಂಬ ಪ್ರೋಟೀನಿನ ಪೊರೆಯು ಬಹುತೇಕ ಹಂದಿ ಇಲ್ಲವೇ ದನದ ಮೂಲದ್ದು. ಹೀಗಿರುವಾಗ ಇದು ಬರೀ ಸಸ್ಯಾಹಾರಿಗಳ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಂದಿಯನ್ನು ನಿಷಿದ್ಧವೆಂದು ನಂಬುವ ಮುಸ್ಲಿಂ ಬಂಧುಗಳಿಗೂ ಇದನ್ನು ತಿಳಿಯುವ ಹಕ್ಕು ಅಷ್ಟೇ ಇದೆ. ತಿಳಿದ ಮೇಲೂ ‘ಔಷಧಕ್ಕೆ ದೋಷವಿಲ್ಲ’ ಎಂದು ಒಪ್ಪುವವರು ಅನೇಕರಿರಬಹುದು. ಒಪ್ಪುವ ನಿರ್ಧಾರ ಅವರದಾಗಿರಬೇಕು.

ರೋಗಿಯ ಒಪ್ಪಿಗೆಯ ಕುರಿತಾದ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಈ ಮಾತನ್ನು ಸ್ಪಷ್ಟಪಡಿಸಿದೆ: ಚಿಕಿತ್ಸೆಯ ಸ್ವರೂಪ, ಉದ್ದೇಶ, ಪರ್ಯಾಯಗಳು ಮತ್ತು ಅಪಾಯಗಳನ್ನು ಸಾಕಷ್ಟು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ರೋಗಿಗೆ ಓದಲು ಬಾರದ ಭಾಷೆಯ ಕಾಗದಕ್ಕೆ, ಅರಿವಳಿಕೆ ಚುಚ್ಚುಮದ್ದಿಗೆ ಕಾಯುತ್ತ ಕುರ್ಚಿಯಲ್ಲಿ ಒರಗಿದ್ದಾಗ ಹಾಕಿಸಿಕೊಂಡ ಸಹಿಯು ಈ ಮಾತಿಗೆ ಹೊಂದುತ್ತದೆಂದು ನನಗೆ ಅನಿಸುವುದಿಲ್ಲ.

ಕಾಯುವ ಕಾಲದ ಬಗ್ಗೆಯೂ ಮೊದಲೇ ಹೇಳಬೇಕು. ಕಸಿ ಮಾಡಿದ ಮೂಳೆ ಗಟ್ಟಿಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ, ಸೈನಸ್ಸಿನ ತಳದ ಪೊರೆಯನ್ನು ಮೇಲಕ್ಕೆತ್ತಿ ಅದರಡಿ ಮಾಡಿದ ಕಸಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಆಮೇಲೆ ಇಂಪ್ಲಾಂಟ್ ಮೂಳೆಗೆ ಬೆಸೆದುಕೊಳ್ಳಲು ಮತ್ತೆ ಕೆಲವು ತಿಂಗಳು. ‘ಒಂದೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತನ್ನು ನಂಬಿ ಮಗಳ ಮದುವೆಗೆ ಮುಂಚೆ ಎಲ್ಲ ಮುಗಿಯುತ್ತದೆಂದು ಎಣಿಸಿದವರಿಗೆ ಇದು ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ, ಬೀಡಿ ಸಿಗರೇಟು ಬಿಡದವರಲ್ಲಿ ಕಸಿ ವಿಫಲವಾಗುವ ಸಂಭವ ಹೆಚ್ಚು. ಮೂಳೆ ಸವೆತಕ್ಕೆಂದು ಅಲೆಂಡ್ರೊನೇಟ್ ಮಾತ್ರೆ, ಜೊಲೆಡ್ರೋನಿಕ್ ಆಮ್ಲ ಅಥವಾ ಡೆನೊಸುಮ್ಯಾಬ್ ಚುಚ್ಚುಮದ್ದು ಪಡೆಯುತ್ತಿರುವ ಹಿರಿಯ ಮಹಿಳೆಯರು ಹಲ್ಲಿನ ವೈದ್ಯರಿಗೆ ಅದನ್ನು ಹೇಳಲೇಬೇಕು, ವೈದ್ಯರೂ ಕೇಳಲೇಬೇಕು. ಅಪರೂಪಕ್ಕಾದರೂ ಅಂಥವರಲ್ಲಿ ದವಡೆಯ ಮೂಳೆ ಮಾಗದೆ ಸತ್ತುಹೋಗುವ ತೊಂದರೆ ಉಂಟು. ಮಂಡಿನೋವಿನ ವೈದ್ಯರು ಕೊಟ್ಟ ಮದ್ದಿಗೂ ಹಲ್ಲಿಗೂ ಸಂಬಂಧವಿದೆಯೆಂದು ಮನೆಯಲ್ಲಿರುವವರಿಗೆ ಹೊಳೆಯುವುದಾದರೂ ಹೇಗೆ?

ಖರ್ಚಿನ ಮಾತು ಹೆಚ್ಚು ಬೆಳೆಸುವುದಿಲ್ಲ. ಪುಡಿ, ಪೊರೆ, ದವಡೆಯ ಮೂರು ಆಯಾಮದ ಎಕ್ಸ್‌ರೇಯಾದ ಸಿಬಿಸಿಟಿ ಸ್ಕ್ಯಾನ್ ಎಲ್ಲವೂ ಇಂಪ್ಲಾಂಟ್ ದರದ ಹೊರಗೆ ಸೇರುತ್ತ ಹೋಗುತ್ತವೆ, ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತದ ಸಂದರ್ಭ ಬಿಟ್ಟರೆ ಹಲ್ಲಿನ ಚಿಕಿತ್ಸೆಗೆ ಹಣ ಕೊಡುವುದು ವಿರಳ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಚಿಕಿತ್ಸಾಲಯಗಳು ಪ್ರಕಟಿಸಬೇಕಾದ ದರಪಟ್ಟಿಯಲ್ಲಿ ಇವುಗಳನ್ನು ಬಿಡಿಬಿಡಿಯಾಗಿ ನಮೂದಿಸಿದರೆ ಸಾಕು, ಅರ್ಧ ಗೊಂದಲ ತೀರುತ್ತದೆ.

ಆದ್ದರಿಂದ ರಾಜ್ಯ ಆರೋಗ್ಯ ಇಲಾಖೆ ಮತ್ತು ಕರ್ನಾಟಕ ರಾಜ್ಯ ದಂತ ಪರಿಷತ್ತು ಒಟ್ಟಾಗಿ ಕನ್ನಡದಲ್ಲಿ ಒಂದು ಮಾದರಿ ಒಪ್ಪಿಗೆ ಪತ್ರವನ್ನು ಸಿದ್ಧಪಡಿಸಲಿ. ಕೋಟೆ ಪ್ರದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಅದನ್ನು ಮೊದಲು ಜಾರಿಗೆ ತಂದು ನೋಡಬಹುದು. ರಾಜ್ಯದ ನಾನಾ ಜಿಲ್ಲೆಗಳ ರೋಗಿಗಳು ಅಲ್ಲಿಗೆ ಬರುತ್ತಾರೆ. ಹಲ್ಲು ಕಿತ್ತ ನಂತರ ಮೂಳೆಗೆ ಏನಾಗುತ್ತದೆ, ಆ ದಿನವೇ ಕಸಿ ಮಾಡಿಸುವುದರ ಲಾಭವೇನು, ಮಾಡಿಸದಿದ್ದರೆ ಉಳಿಯುವ ದಾರಿಗಳೇನು ಎಂಬುದು ಅದರಲ್ಲಿರಲಿ. ವಸ್ತುವಿನ ಮೂಲ ಮನುಷ್ಯರದೋ, ದನದ್ದೋ, ಹಂದಿಯದೋ, ಕೃತಕವೋ ಎಂದು ಗುರುತು ಹಾಕುವ ಸಾಲು ಇರಲಿ. ಬಾಟಲಿಯ ಮೇಲೆ ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆಯ ಅಂಟುಚೀಟಿ ಬಂದಿದ್ದರೆ ಅದರ ಒಂದು ಪ್ರತಿಯನ್ನು ರೋಗಿಗೆ ಕೊಡುವ ಕಾಗದಕ್ಕೂ ಅಂಟಿಸಲಿ, ವರ್ಷಗಳ ನಂತರ ಬೇರೆ ವೈದ್ಯರ ಬಳಿ ಹೋದಾಗಲೂ ದವಡೆಯೊಳಗೆ ಏನಿದೆಯೆಂದು ತೋರಿಸುವಂತಾಗಲಿ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ತ್ಯಾಗರಾಜನಗರ, ಬೆಂಗಳೂರು