ಗಂಟೆಗಳ ಲೆಕ್ಕ ಇನ್ನು ಪ್ರತಿ ಪೇರೋಲ್ ಜೊತೆಗೇ ಬೇಕು

ಎಲ್ಲರಿಗೂ ನಮಸ್ಕಾರ,

ಮಾರ್ಚ್ 1ರಿಂದ ಒಂದು ಬದಲಾವಣೆ. ಅಮೆರಿಕ ಸರ್ಕಾರದ ಜೊತೆಗಿನ ನಿಮ್ಮ ಫೆಡರಲ್ ಕಾಂಟ್ರಾಕ್ಟ್‌ಗಳಲ್ಲಿ ಕೆಲಸ ಮಾಡುವವರ ಗಂಟೆಗಳ ಲೆಕ್ಕವನ್ನು ಇಷ್ಟು ದಿನ ಮೂರು ತಿಂಗಳಿಗೊಮ್ಮೆ ಕಳಿಸುತ್ತಿದ್ದಿರಿ. ಇನ್ನು ಪ್ರತಿ ಪೇರೋಲ್ ಆದ ಎರಡು ದಿನದೊಳಗೆ ಕಳಿಸಿ. ನಾವು ನೋಡಿಕೊಳ್ಳುವ ಬೆನಿಫಿಟ್ ಟ್ರಸ್ಟ್‌ಗೆ (ಕೆಲಸಗಾರರ ಸೌಲಭ್ಯದ ದುಡ್ಡು ಇಡುವ ನಿಧಿ) ದುಡ್ಡು ಕೂಡ ತಿಂಗಳು ತಿಂಗಳು ಕಟ್ಟೋಣ.

ಕಾನೂನು ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಸಾಕು ಅನ್ನುತ್ತಲ್ಲ ಅಂತ ಕೇಳ್ತೀರಿ. ನಿಜ, ಸರ್ಕಾರಿ ಸೇವಾ ಕಾಂಟ್ರಾಕ್ಟ್‌ಗಳ ಕೆಲಸಗಾರರಿಗಾಗಿ ಇರುವ 1965ರ ಸರ್ವಿಸ್ ಕಾಂಟ್ರಾಕ್ಟ್ ಆಕ್ಟ್‌ನ ನಿಯಮ ಹಾಗೇ ಇದೆ. ಆದರೆ ನಮ್ಮ ಕಡೆಯಿಂದಲೇ ಒಂದು ಎಡವಟ್ಟಾಯಿತು, ಮುಚ್ಚಿಡುವುದು ಬೇಡ.

ಜನವರಿಯಲ್ಲಿ ಕೆಲಸಗಾರರಿಗೆ ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ಹೋದಾಗ, ಒಬ್ಬ ಗ್ರಾಹಕರ ಹತ್ತಿರ ಕ್ಲೀನಿಂಗ್ ಕೆಲಸ ಮಾಡುವ ಹೆಂಗಸೊಬ್ಬರು ಅದನ್ನು ತಮ್ಮ ಪೇ ಸ್ಲಿಪ್ ಪಕ್ಕ ಇಟ್ಟು ನೋಡಿದ್ದಾರೆ. ಥ್ಯಾಂಕ್ಸ್‌ಗಿವಿಂಗ್ ವಾರ ಸಂಬಳ ಬಂದಿದ್ದು 40 ಗಂಟೆಗೆ, ನಮ್ಮ ಹಾಳೆಯಲ್ಲಿ ಇದ್ದದ್ದು 32. ಆ 32ರ ಸುತ್ತ ಪೆನ್ನಲ್ಲಿ ಒಂದು ಸುತ್ತು ಹಾಕಿ, ಫೋಟೋ ತೆಗೆದು ಕಳಿಸಿದರು. ಅವರು ಹೇಳಿದ್ದೇ ಸರಿ. ನಮ್ಮ ಫಾರ್ಮ್‌ನಲ್ಲಿ 'ಕೆಲಸ ಮಾಡಿದ ಗಂಟೆ' ಅಂತ ಒಂದೇ ಕಾಲಂ ಇತ್ತು, ಗ್ರಾಹಕರು ಪಾಪ ಅದನ್ನೇ ತುಂಬಿದ್ದರು. ಹೆಲ್ತ್ ಅಂಡ್ ವೆಲ್ಫೇರ್ ದುಡ್ಡು (ಸಂಬಳದ ಮೇಲೆ ಸೌಲಭ್ಯಕ್ಕೆಂದು ಕೊಡಬೇಕಾದ ಫ್ರಿಂಜ್) ಲೆಕ್ಕ ಹಾಕಬೇಕಾದ್ದು ಸಂಬಳ ಕೊಟ್ಟ ಗಂಟೆಗೆ, ವಾರಕ್ಕೆ 40ರವರೆಗೆ, ಹಾಲಿಡೇ ಮತ್ತು ವೆಕೇಶನ್ ಕೂಡ ಸೇರಿ. ಆ ಮೂರು ತಿಂಗಳಲ್ಲಿ ಕೊಲಂಬಸ್ ಡೇಯಿಂದ ಕ್ರಿಸ್ಮಸ್‌ವರೆಗೆ ನಾಲ್ಕು ಹಾಲಿಡೇ. ಗಂಟೆಗೆ 5.55 ಡಾಲರಿನಂತೆ ಒಬ್ಬೊಬ್ಬರಿಗೆ 177.60 ಡಾಲರ್ ಕಮ್ಮಿ, 14 ಜನಕ್ಕೆ 2,486.40. ಎಲ್ಲ ಕಟ್ಟಿಸಿದ್ದಾಯಿತು. ಆದರೆ ಮೊದಲನೇ ಪೇರೋಲ್‌ನಲ್ಲೇ ನೋಡಿದ್ದರೆ ಒಬ್ಬರಿಗೆ ಒಂದು ಹಾಲಿಡೇಯ 44.40 ಡಾಲರ್‌ನಲ್ಲೇ ಸಿಕ್ಕಿಬೀಳುತ್ತಿತ್ತು, ಅಲ್ವಾ?

(ನಿಮ್ಮಲ್ಲಿ ಒಬ್ಬಿಬ್ಬರದು ಸಮಸಂಖ್ಯೆಯ ವೇಜ್ ಡಿಟರ್ಮಿನೇಶನ್, ಅಂದರೆ ಕನಿಷ್ಠ ಸಂಬಳ, ಫ್ರಿಂಜ್ ದರ ಹೇಳುವ ಸರ್ಕಾರಿ ಕಾಗದದ ನಂಬರ್ ಸಮಸಂಖ್ಯೆ. ಅದರಲ್ಲಿ ಎಲ್ಲ ಕೆಲಸಗಾರರ ಸರಾಸರಿ ಲೆಕ್ಕ, ಅದೂ ಕೆಲಸ ಮಾಡಿದ ಗಂಟೆಗೆ ಮಾತ್ರ. ನಿಮಗೆ ಬೇರೆಯಾಗಿ ಫೋನ್ ಮಾಡುತ್ತೇನೆ, ಗಾಬರಿ ಬೇಡ.)

"ಈ ತಲೆನೋವೇ ಬೇಡ, ಕ್ಯಾಶೇ ಕೊಟ್ಟುಬಿಡ್ತೀವಿ" ಅಂತ ಕೆಲವರು ಅನ್ನುತ್ತೀರಿ. ಕೊಡಬಹುದು, ಆದರೆ ಆಗ ಪ್ರತಿ ಸಂಬಳದ ಜೊತೆಗೇ ಕೊಡಬೇಕು, ಮತ್ತು ಅದರ ಮೇಲೆ ನಿಮ್ಮ ಪಾಲಿನ 7.65% ಪೇರೋಲ್ ಟ್ಯಾಕ್ಸ್ ಬೀಳುತ್ತದೆ, ಅಂದರೆ 5.55ರ ದರಕ್ಕೆ ಗಂಟೆಗೆ ಸುಮಾರು 42 ಸೆಂಟ್. ಟ್ರಸ್ಟ್‌ಗೆ ಹೋದರೆ ಅದಿಲ್ಲ. ಇನ್ನು "ಸಂಬಳವೇ ಜಾಸ್ತಿ ಕೊಡ್ತಿದ್ದೀವಲ್ಲ" ಅನ್ನುವುದು ನಡೆಯುವುದಿಲ್ಲ. ಸಂಬಳದ ಲೆಕ್ಕ ಬೇರೆ, ಫ್ರಿಂಜ್ ಲೆಕ್ಕ ಬೇರೆ.

ಇನ್ನೊಂದು ಮಾತು. ಹೊಸ ದರ ನಿಮಗೆ ಅನ್ವಯಿಸುವುದು ಅದು ಪ್ರಕಟವಾದ ದಿನದಿಂದ ಅಲ್ಲ, ನಿಮ್ಮ ಕಾಂಟ್ರಾಕ್ಟ್‌ಗೆ ಸೇರಿದ ಮೇಲೆ, ಸಾಮಾನ್ಯವಾಗಿ ಆಪ್ಷನ್ ವರ್ಷ (ಸರ್ಕಾರ ಕಾಂಟ್ರಾಕ್ಟ್ ಮುಂದುವರಿಸುವ ವರ್ಷ) ಶುರುವಾಗುವಾಗ. ಹೊಸ ವೇಜ್ ಡಿಟರ್ಮಿನೇಶನ್ ಕೈಗೆ ಬಂದ 30 ದಿನದೊಳಗೆ ಬೆಲೆ ಹೆಚ್ಚಿಸಿ ಅಂತ ಸರ್ಕಾರದ ಕಡೆಯ ಕಾಂಟ್ರಾಕ್ಟಿಂಗ್ ಆಫೀಸರ್‌ಗೆ ಬರೆಯಬೇಕು. ಅದರಲ್ಲಿ ಲಾಭ, ಓವರ್‌ಹೆಡ್ ಸೇರಿಸುವ ಹಾಗಿಲ್ಲ. ಹೊಸ ವೇಜ್ ಡಿಟರ್ಮಿನೇಶನ್ ಬಂದ ದಿನವೇ ನಮಗೂ ಒಂದು ಕಾಪಿ ಕಳಿಸಿ. ಸುಮ್ನೆ ಇನ್‌ಬಾಕ್ಸ್‌ನಲ್ಲಿ ಬಿಟ್ಟರೆ ನಷ್ಟ ನಿಮ್ಮದೇ.

ನಮ್ಮ ಫೀಸು ಅಷ್ಟೇ, ಏರಿಸಿಲ್ಲ. ಮೊದಲಿನ ಹಾಗೆ ನಿಮಗೇ ಬಿಲ್ ಬರುತ್ತದೆ, ಕೆಲಸಗಾರರ ದುಡ್ಡಿನಿಂದ ಒಂದು ಸೆಂಟೂ ಹಿಡಿಯುವುದಿಲ್ಲ.

ಹೊಸ ಫಾರ್ಮ್ ಈ ಪತ್ರದ ಜೊತೆಗಿದೆ. ಕೆಲಸ, ಹಾಲಿಡೇ, ವೆಕೇಶನ್ ಅಂತ ಮೂರು ಕಾಲಂ. ಫೆಬ್ರವರಿಯ ಕೊನೆಯ ಪೇರೋಲ್ ಅನ್ನು ಅದರಲ್ಲಿ ಒಮ್ಮೆ ತುಂಬಿ ಕಳಿಸಿ, ಏನಾದರೂ ತಪ್ಪಿದ್ದರೆ ಮಾರ್ಚ್‌ಗೆ ಮೊದಲೇ ಸರಿ ಮಾಡೋಣ.