ಸನ್ಯಾಸ ತಗೊಂಡಿಲ್ಲ ಅಮ್ಮ

ಕಾರ್ಮಾರ್ಥನ್, ವೇಲ್ಸ್
ಭಾನುವಾರ

ಅಮ್ಮನಿಗೆ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಪದ್ಮಕ್ಕನ ಮಗನ ಕೈಲಿ ಕಳಿಸಿದ ಮಿಡಿ ಉಪ್ಪಿನಕಾಯಿ, ಕಾಗದ ಎರಡೂ ತಲುಪಿದವು. ಉಪ್ಪಿನಕಾಯಿ ಚೆನ್ನಾಗಿದೆ. ಕಾಗದ ಓದಿದ ಮೇಲೆ ಮಾತ್ರ ಊಟ ಸೇರಲಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ನೀನು ಮೂರನೇ ಮಾತಿಗೆ ಅಳುತ್ತೀಯ, ಅಪ್ಪ ಫೋನ್ ಇಸಕೊಂಡು "ಆಮೇಲೆ ಮಾತಾಡೋಣ" ಅಂತ ಇಟ್ಟುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು. ಚಿಕ್ಕಮ್ಮನಿಗೆ ಬೇಡ.

ಮೊದಲು ಇದನ್ನು ಕೇಳು. ನಾನು ಸನ್ಯಾಸ ತಗೊಂಡಿಲ್ಲ, ತಗೊಳ್ಳುವುದೂ ಇಲ್ಲ. ಮತಾಂತರವೂ ಆಗಿಲ್ಲ. ತಲೆಗೂದಲು ಹಾಗೇ ಇದೆ, ಇಲ್ಲಿನ ನೀರಿಗೆ ಸ್ವಲ್ಪ ಉದುರಿದೆ ಅಷ್ಟೆ. ಚಿಕ್ಕಮ್ಮ ಊರಿಗೆಲ್ಲ ವಾಟ್ಸಾಪ್ ಮಾಡಿದ ಫೋಟೋದಲ್ಲಿ ನನ್ನ ಪಕ್ಕ ನಿಂತಿರುವವರು ಇಲ್ಲಿ ನಾನು ಭಾನುವಾರ ಹೋಗುವ ಆಶ್ರಮದ ಒಬ್ಬ ಸನ್ಯಾಸಿನಿ, ನಿಜ. ಅವರ ಪಕ್ಕ ನಿಂತ ಮಾತ್ರಕ್ಕೆ ನಾನೂ ಸನ್ಯಾಸಿನಿ ಆಗುವುದಾದರೆ, ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಡ್ರೈವರ್ ಪಕ್ಕ ನಿಂತಿದ್ದಕ್ಕೆ ಇಷ್ಟೊತ್ತಿಗೆ ಬಸ್ಸು ಓಡಿಸಬೇಕಿತ್ತು.

ನನ್ನನ್ನು ಸೊಸೆಯಾಗಿ ಕೇಳಿಬಂದ ಸಾಗರದವರು "ಹುಡುಗಿ ಆಶ್ರಮ ಸೇರಿದ್ದಾಳಂತೆ, ಹೌದಾ" ಅಂತ ಕೇಳಿದ್ದಕ್ಕೆ ನೀನು ಉತ್ತರ ಕೊಡದೆ ಕಾಫಿ ತರುತ್ತೇನೆ ಅಂತ ಒಳಗೆ ಎದ್ದುಹೋದೆಯಂತೆ. ಯಾಕಮ್ಮ? ಇಲ್ಲ ಅನ್ನಬೇಕಿತ್ತು ತಾನೇ? ಈಗ ಅವರು ಏನೋ ಇದೆ ಅಂದುಕೊಂಡಿರುತ್ತಾರೆ.

ಆ ಜಾಗದ ಹೆಸರು ಸ್ಕಂದ ವೇಲ್. ನಾನಿರುವ ಊರಿನಿಂದ ದೂರವಿಲ್ಲ, ಗುಡ್ಡದ ನಡುವೆ, ಸಂದಿಯಂಥ ರಸ್ತೆ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ಹಿಂದೆ ಹೋಗಬೇಕು. ಶ್ರೀಲಂಕಾ ಮೂಲದ ಗುರು ಸುಬ್ರಹ್ಮಣ್ಯಂ ಅನ್ನುವವರು 1973ರಲ್ಲಿ ಶುರು ಮಾಡಿದ್ದು. ಸುಬ್ರಹ್ಮಣ್ಯ, ಶಕ್ತಿ, ರಂಗನಾಥ ಅಂತ ಮೂರು ಗುಡಿ. ನೀನು ಆಶ್ಲೇಷಾ ಬಲಿಗೆ ಕುಕ್ಕೆಗೆ ಹೋಗುತ್ತೀಯಲ್ಲ, ಅದೇ ಸುಬ್ರಹ್ಮಣ್ಯ. ಬೆಳಗಿನ ಜಾವದಿಂದ ರಾತ್ರಿವರೆಗೆ ಪೂಜೆ ಮೇಲೆ ಪೂಜೆ. ಮಾಡುವವರು ಬಿಳಿಯರು. ಅಭಿಷೇಕ, ಮಂಗಳಾರತಿ ಎಲ್ಲ ಅಚ್ಚುಕಟ್ಟು. ನಮ್ಮೂರ ಭಟ್ಟರ ಥರ ನಡುವೆ ಮೊಬೈಲ್ ನೋಡುವುದಿಲ್ಲ! ಊಟ ಪುಕ್ಕಟೆ, ಟಿಕೆಟ್ ಇಲ್ಲ. ಸಾಯುವ ಹಂತದ ರೋಗಿಗಳನ್ನು ನೋಡಿಕೊಳ್ಳಲು ಒಂದು ಹಾಸ್ಪಿಸ್ ಕೂಡ ನಡೆಸುತ್ತಾರೆ, ಅದೂ ಉಚಿತ. ಸುತ್ತಲಿನವರು ಗೌರವ ಕೊಡುವುದು ಅದಕ್ಕೇ ಅಂತ ನನಗನ್ನಿಸುತ್ತದೆ, ಮಂತ್ರಕ್ಕಲ್ಲ.

ಅಲ್ಲಿಗೆ ಬರುವವರಿಗೆ ನಿನ್ನ ಧರ್ಮ ಬಿಡು ಅಂತ ಯಾರೂ ಹೇಳುವುದಿಲ್ಲ. ದೇವರಿಗೆ ಹೆಸರು ಬಹಳ, ಯಾವುದನ್ನು ಹಿಡಿದರೂ ಸರಿ ಅನ್ನುವುದೇ ಅವರ ಲೆಕ್ಕ. ಲಂಡನ್ ಕಡೆಯ ತಮಿಳರು, ಗುಜರಾತಿಗಳು ಬಸ್ಸು ಮಾಡಿಕೊಂಡು ಬರುತ್ತಾರೆ. ಚರ್ಚಿಗೆ ಹೋಗುವ ಇಂಗ್ಲಿಷರು, ಏನನ್ನೂ ನಂಬದವರು, ಎಲ್ಲ ಒಟ್ಟಿಗೆ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಮಂತ್ರ, ಸ್ತೋತ್ರ ಹೇಳುತ್ತಾರೆ. ಉಚ್ಚಾರಣೆ ಕೇಳಿದರೆ ನೀನು ನಗುತ್ತೀಯ. "ಶರವಣಭವ" ಹೋಗಿ "ಷಾರಾವಾನಾಬಾವಾ" ಆಗುತ್ತದೆ. ಆದರೆ ನಮ್ಮ ಪಕ್ಕದ ಮನೆಯ ಅಜ್ಜಿ ಇದ್ದಾರಲ್ಲ, ನನಗೆ ಕೊಡೆ ಕೊಟ್ಟವರು, ಅವರ "ನಮಃ" ಕೇಳಬೇಕು. ವೆಲ್ಷ್ ಮಾತಿನಲ್ಲಿ ಗಂಟಲಿನಿಂದ ಬರುವ ಸದ್ದು ಇದೆ, ಅದಕ್ಕೇ ವಿಸರ್ಗ ಅವರಿಗೆ ಸಲೀಸು. ಸ್ತೋತ್ರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಎಲ್ಲಿ ಎಳೆಯಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ, ಎಲ್ಲಿ ಉಸಿರು ತಗೊಳ್ಳಬೇಕೋ ಅಲ್ಲಿ ಚುಕ್ಕೆ. ಮಡಿಸಿ ಮಡಿಸಿ ಕಾಗದ ನಾಲ್ಕು ಕಡೆ ಹರಿದಿದೆ, ಟೇಪ್ ಹಚ್ಚಿದ್ದಾರೆ. ಭಾನುವಾರ ಬೆಳಿಗ್ಗೆ ತಪ್ಪದೆ ತಮ್ಮ ಚಾಪೆಲ್ಲಿಗೆ ಹೋಗಿ ಪ್ರಾರ್ಥನೆ ಗೀತೆ ಹಾಡಿಬಂದು, ಮಧ್ಯಾಹ್ನ ನನ್ನ ಜೊತೆ ಕಾರು ಹತ್ತುತ್ತಾರೆ.

ಇನ್ನು ಲಿಸಿ ವಿಷಯ. ಕೋಟ್ಟಯಂ ಹುಡುಗಿ, ನಮ್ಮ ವಾರ್ಡಿನ ನರ್ಸ್, ನಿನಗೆ ವಿಡಿಯೋದಲ್ಲಿ ತೋರಿಸಿದ್ದೆ. ಗುಡಿಗೆ ಹೋಗುವ ಮುಂಚೆ ಮೂರು ದಿನ ಮೀನು, ಮಾಂಸ, ಮೊಟ್ಟೆ ಮುಟ್ಟಬಾರದು ಅಂತ ನಿಯಮ. ಮೀನು ಬಿಡುವುದೇ ಅವಳಿಗೆ ದೊಡ್ಡ ತಪಸ್ಸು. ಕೂತು ಕೈಯಲ್ಲಿ ರೋಸರಿ ಹಿಡಿದಿರುತ್ತಾಳೆ, ಬಾಯಲ್ಲಿ "ಓಂ ಶಾಂತಿ". ಕಳೆದ ತಿಂಗಳು ಅವಳ ಅಮ್ಮ ಫೋನ್ ಮಾಡಿ ಅತ್ತರಂತೆ: ನೀನು ಹಿಂದೂ ಆಗಿಬಿಟ್ಟೆಯಾ, ಫಾದರಿಗೆ ಏನು ಹೇಳಲಿ, ಇನ್ನು ನಿನ್ನನ್ನು ಯಾರು ಮದುವೆ ಆಗುತ್ತಾರೆ ಅಂತ. ಅವರೂ ನೀನೂ ಒಂದೇ ಮನೆಯಲ್ಲಿ ಕೂತು ಬರೆದ ಹಾಗಿದೆ, ನಿಜಕ್ಕೂ. ಒಮ್ಮೆ ನಿಮ್ಮಿಬ್ಬರಿಗೂ ಮಾತಾಡಿಸಿಬಿಡುತ್ತೇವೆ, ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳಿ.

ಅವರ ಹೆದರಿಕೆಗೂ ಬುಡ ಇಲ್ಲದೆ ಇಲ್ಲ. ಪೂರ್ವದ ಧ್ಯಾನ ಪದ್ಧತಿಗಳ ಬಗ್ಗೆ ಎಚ್ಚರವಿರಲಿ ಅಂತ 1989ರಲ್ಲಿ ವ್ಯಾಟಿಕನ್ನೇ ಬಿಷಪ್ಪರಿಗೆಲ್ಲ ಪತ್ರ ಬರೆದಿತ್ತು. ಆದರೆ ಅವರಲ್ಲೇ ಇದನ್ನು ಮಾಡಿದವರೂ ಇದ್ದಾರೆ. ಬೀಡ್ ಗ್ರಿಫಿತ್ಸ್ ಅಂತ ಇಂಗ್ಲಿಷ್ ಸನ್ಯಾಸಿ, 1955ರಲ್ಲಿ ಭಾರತಕ್ಕೆ ಬಂದು ಮೊದಲು ಉಳಿದದ್ದು ನಮ್ಮ ಕೆಂಗೇರಿಯಲ್ಲಿ! ಅತ್ತಿಗೆಯ ಅಪಾರ್ಟ್‌ಮೆಂಟ್ ಇದೆಯಲ್ಲ, ಅದೇ ಕೆಂಗೇರಿ. ಆಮೇಲೆ ಕೇರಳಕ್ಕೆ ಹೋದರು. 1968ರಿಂದ ತಮಿಳುನಾಡಿನ ಕುಳಿತಲೈ ಹತ್ತಿರ ಕಾವೇರಿ ದಂಡೆಯ ಶಾಂತಿವನದಲ್ಲಿ ಇದ್ದರು, 1993ರಲ್ಲಿ ಅಲ್ಲೇ ತೀರಿಕೊಂಡರು. ಆ ಆಶ್ರಮ ಕಟ್ಟಿದವರು ಇಬ್ಬರು ಫ್ರೆಂಚ್ ಪಾದ್ರಿಗಳು, 1950ರಲ್ಲಿ. ಅಲ್ಲಿನ ಪ್ರಾರ್ಥನೆಯಲ್ಲಿ ಬೈಬಲ್ ಜೊತೆ ಗಾಯತ್ರಿ ಮಂತ್ರವನ್ನೂ ಹೇಳುತ್ತಾರೆ. ಲಿಸಿ ಇದನ್ನೆಲ್ಲ ಅವಳಮ್ಮನಿಗೆ ಹೇಳಿದಳು. ಅವರು, "ಅವರು ಗಂಡಸರು, ಪಾದ್ರಿಗಳು, ಅವರಿಗೆ ಮದುವೆ ಆಗಬೇಕಾಗಿರಲಿಲ್ಲ" ಅಂದರಂತೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮಾವ ಹೇಳಿದ್ದು ಅಂತ ಬರೆದಿದ್ದೀಯ, ಉಪದೇಶವಿಲ್ಲದೆ, ಸ್ವರ ತಿಳಿಯದೆ ಮಂತ್ರ ಹೇಳಬಾರದು, ಇಂದ್ರಶತ್ರು ಕಥೆ ನೆನಪಿಲ್ಲವಾ ಅಂತ. ನೆನಪಿದೆ, ಸ್ವರ ತಪ್ಪಿ ಮಂತ್ರದ ಅರ್ಥವೇ ತಿರುಗುಮುರುಗಾದ ಕಥೆ. ವೇದಮಂತ್ರದ ಮಟ್ಟಿಗೆ ಮಾವ ಹೇಳಿದ್ದು ಸರಿ. ರುದ್ರವನ್ನು ಸ್ವರ ಬಿಟ್ಟು ಯೋಗ ಕ್ಲಾಸಿನ ಹಾಡಿನ ಥರ ಎಳೆಯುವವರನ್ನು ಕಂಡರೆ ನನಗೂ ಕಿರಿಕಿರಿ. ಆದರೆ ನಾವು ಕೂತು ಹೇಳುವುದು ಜಾಸ್ತಿ ನಾಮ, ಸ್ತೋತ್ರ. ನೀನು ದೋಸೆ ಹುಯ್ಯುತ್ತಾ ಸಹಸ್ರನಾಮ ಹೇಳುವುದಿಲ್ವಾ? ನಡುವೆ "ಏ, ಹಾಲು ಉಕ್ಕುತ್ತೆ ನೋಡೇ" ಅಂತಲೂ ಸೇರಿಸುತ್ತೀಯ. ಮಾವ ಅದಕ್ಕೇನೂ ಅನ್ನುವುದಿಲ್ಲ.

ಅಪ್ಪನಿಗೆ ಒಂದು ವಿಷಯ ಹೇಳು, ಅವರಿಗೆ ದನ ಅಂದರೆ ಪ್ರಾಣ. ಸ್ಕಂದ ವೇಲ್ ಆಶ್ರಮದಲ್ಲಿ ಶಂಭು ಅಂತ ಹೋರಿ ಇತ್ತು. 2007ರಲ್ಲಿ ಅದಕ್ಕೆ ಕ್ಷಯ ಇದೆ ಅಂತ ಪರೀಕ್ಷೆಯಲ್ಲಿ ಬಂತು, ಸರ್ಕಾರ ಕೊಲ್ಲಬೇಕು ಅಂದಿತು. ಇವರು ಬಿಡಲಿಲ್ಲ, ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು, ಮೇಲಿನ ಕೋರ್ಟಿನಲ್ಲಿ ಸೋತರು. ಜುಲೈನಲ್ಲಿ ಪೊಲೀಸರು ಬಂದಾಗ ಸನ್ಯಾಸಿಗಳು, ಭಕ್ತರು ಸುತ್ತ ಕೂತು ಪ್ರಾರ್ಥನೆ ಮಾಡುತ್ತಲೇ ಇದ್ದರು, ಪೊಲೀಸರು ಒಬ್ಬೊಬ್ಬರನ್ನೇ ಎಬ್ಬಿಸಿ ಹೋರಿಯನ್ನು ತಗೊಂಡು ಹೋದರು. ಪಕ್ಕದ ಮನೆಯ ಅಜ್ಜಿಗೆ ಇವತ್ತಿಗೂ ಅದು ಬೇಜಾರು. ಅವರ ಅಪ್ಪ ದನ ಸಾಕಿದವರು, ಕ್ಷಯದ ಭಯ ಏನು ಅಂತ ಗೊತ್ತು, ಆದರೂ ಬೇಜಾರು.

ಸರಿ, ಸಾಗರದವರ ವಿಷಯ. ಹುಡುಗನಿಗೆ ನನ್ನ ನಂಬರ್ ಕೊಡು, ನಾನೇ ಮಾತಾಡುತ್ತೇನೆ. ಮದುವೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಯುಗಾದಿಗೆ ರಜೆ ಕೇಳಿದ್ದೇನೆ, ಸಿಗುತ್ತದೆ, ಆಗ ನೋಡುವ ಶಾಸ್ತ್ರ ಇಟ್ಟುಕೊಳ್ಳಲಿ. ಆದರೆ ಭಾನುವಾರ ಅಲ್ಲಿಗೆ ಹೋಗುವುದನ್ನು ಬಿಡುತ್ತೇನೆ ಅಂತ ಮಾತು ಕೊಡಬೇಡ. ಮುಚ್ಚಿಟ್ಟು ಮದುವೆ ಆಗುವಂಥದ್ದು ಅದರಲ್ಲಿ ಏನೂ ಇಲ್ಲ. ಅಷ್ಟಕ್ಕೇ ಅವರು ಬೇಡ ಅಂದರೆ ಅನ್ನಲಿ, ನೀನು ಅದಕ್ಕೆ ಬಿಪಿ ಏರಿಸಿಕೊಳ್ಳಬೇಡ. ಮಾತ್ರೆ ತಗೊಳ್ಳುತ್ತಿದ್ದೀಯ ತಾನೇ? ರಾತ್ರಿಯದ್ದೂ?

ನಾನು ಆರಾಮಾಗಿದ್ದೇನೆ. ಚೆನ್ನಾಗಿ ಊಟ ಮಾಡುತ್ತೇನೆ, ಸ್ವೆಟರ್ ಹಾಕಿಕೊಳ್ಳುತ್ತೇನೆ, ರಾತ್ರಿ ಒಬ್ಬಳೇ ಓಡಾಡುವುದಿಲ್ಲ. ಕೆಳಗೆ ಅಜ್ಜಿ ಹಾರ್ನ್ ಹೊಡೆಯುತ್ತಿದ್ದಾರೆ, ಪೂಜೆಗೆ ಹೊತ್ತಾಯಿತು. ಉಳಿದದ್ದು ಫೋನಿನಲ್ಲಿ. ಅಪ್ಪನಿಗೆ, ಅಜ್ಜನಿಗೆ ನಮಸ್ಕಾರ. ಮುಂದಿನ ಸಲ ಉಪ್ಪಿನಕಾಯಿ ಎರಡು ಬಾಟಲಿ ಕಳಿಸು, ಒಂದು ಲಿಸಿಗೆ.

ಇಂತಿ ನಿನ್ನ ಮಗಳು,
ಸುಮಾ